ಮಲೆನಾಡಿನ ವಾದಪರಂಪರೆಯೂ ಪೂರ್ವಪಕ್ಷದ ಸ್ಥಾನವೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಗಿರಿಪ್ರದೇಶವು ಈಗ ಕಾಫಿಯ ತೋಟಗಳಿಂದ ಪ್ರಸಿದ್ಧವಾಗಿದೆ. ಆದರೆ ಕಾಫಿಯು ಈ ಬೆಟ್ಟಗಳಿಗೆ ಬರುವುದಕ್ಕೆ ಹಲವು ಶತಮಾನಗಳ ಹಿಂದೆಯೇ ಈ ಸೀಮೆಯು ಶಾಸ್ತ್ರವಾದಕ್ಕೆ ನೆಲೆಯಾಗಿದ್ದಿತು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಚೆನ್ನಾಗಿ ಮಾತನಾಡುವುದನ್ನೂ ವಿಮರ್ಶಿಸಿ ಆಲೋಚಿಸುವುದನ್ನೂ ಕಲಿಯಬೇಕೆಂದು ಇಂದು ಎಲ್ಲೆಡೆಯಲ್ಲಿಯೂ ಹೇಳಲಾಗುತ್ತಿದೆ. ನಮ್ಮ ಪ್ರಾಚೀನರಿಗೆ ಇವೆರಡೂ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ. ವಾದವೆಂಬ ಒಂದೇ ಶಿಕ್ಷಣದಲ್ಲಿ ಎರಡೂ ಅಡಗಿದ್ದುವು. ಆ ಶಿಕ್ಷಣದ ಕುರುಹುಗಳು ಮಲೆನಾಡಿನಲ್ಲಿ ಎಷ್ಟರಮಟ್ಟಿಗೆ ಉಳಿದಿವೆ, ಅವುಗಳಿಂದ ಏನು ಸಿದ್ಧವಾಗುತ್ತದೆ ಎಂಬುದು ವಿಚಾರಾರ್ಹವಾಗಿದೆ.

ನ್ಯಾಯಸೂತ್ರಕಾರನಾದ ಗೌತಮನು ಕಥೆಯನ್ನು ವಾದ, ಜಲ್ಪ, ವಿತಂಡೆಯೆಂದು ಮೂರಾಗಿ ವಿಂಗಡಿಸಿದ್ದಾನೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಜಯಕ್ಕಾಗಿ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದೊಂದೇ ವಿತಂಡೆ. ಐದು ಹೇತ್ವಾಭಾಸಗಳೂ ಇಪ್ಪತ್ತೆರಡು ನಿಗ್ರಹಸ್ಥಾನಗಳೂ ಮಾತಿನ ದೋಷವನ್ನು ಹಿಡಿಯುವುದಕ್ಕಾಗಿ ಏರ್ಪಟ್ಟ ಸಾಧನಗಳು. ಪ್ರತಿವಾದಿಯ ಮಾತನ್ನು ಅರ್ಥಮಾಡಿಕೊಳ್ಳದಿರುವ 'ಅಜ್ಞಾನ'ವೂ ಈ ನಿಗ್ರಹಸ್ಥಾನಗಳಲ್ಲೊಂದೆಂಬುದು ಗಮನಾರ್ಹ. ಕೇಳಲಾರದವನು ಮಾತನಾಡುವುದಕ್ಕೆ ಮುಂಚೆಯೇ ಸೋತವನೆಂದು ಇದರ ತಾತ್ಪರ್ಯ.

ಇನ್ನು ಶಾಸನಗಳ ವಿಷಯ. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಆಗಿದೆ. ಅಲ್ಲಿನ ಜೈನ ಶಾಸನಗಳಲ್ಲಿ ಒಂದು, ಹತ್ತನೆಯ ಶತಮಾನದ ಕೊನೆಯ ಭಾಗದ್ದೆಂದು ಎಣಿಸಲ್ಪಟ್ಟುದು, ವಿಮಲಚಂದ್ರಪಂಡಿತನೆಂಬ ಮುನಿಯನ್ನು ಸ್ಮರಿಸುತ್ತದೆ. ಅತ್ತ ಶ್ರವಣಬೆಳಗೊಳದಲ್ಲಿರುವ 1129ರ ಮಲ್ಲಿಷೇಣಪ್ರಶಸ್ತಿಯಲ್ಲಿಯೂ ಒಬ್ಬ ವಿಮಲಚಂದ್ರನಿದ್ದಾನೆ. ಅವನು ಶತ್ರುಭಯಂಕರನೆಂಬ ರಾಜನ ಅರಮನೆಯ ಬಾಗಿಲಲ್ಲಿ ಪತ್ರವನ್ನು ತೂಗಹಾಕಿ, ಶೈವ, ಪಾಶುಪತ, ಬೌದ್ಧ, ಕಾಪಾಲಿಕ, ಕಾಪಿಲರನ್ನು ವಾದಕ್ಕೆ ಆಹ್ವಾನಿಸಿದನಂತೆ. ಇಬ್ಬರೂ ಒಬ್ಬನೇ ಎಂದು ಹೇಳಿಬಿಡುವುದು ಸುಲಭ. ನಮ್ಮ ಮಲೆನಾಡಿಗೆ ಅದರಿಂದ ಕೀರ್ತಿಯೂ ಹೆಚ್ಚುವುದು. ಆದರೆ ನಾಮಸಾಮ್ಯವೆಂಬ ಹೇತುವು ವ್ಯಕ್ತಿಭೇದವಿರುವೆಡೆಯಲ್ಲಿಯೂ ಇರತಕ್ಕದ್ದು. ಆದುದರಿಂದ ಅದು ಅನೈಕಾಂತಿಕವೆಂಬ ಹೇತ್ವಾಭಾಸವೇ ಆಗುತ್ತದೆ. ವಾದಿಗಳ ಚರಿತ್ರೆಯನ್ನು ಬರೆಯುವವರು ವಾದದ ನಿಯಮವನ್ನೇ ಮೀರುವುದು ಯುಕ್ತವಲ್ಲ.

ಪ್ರಶಸ್ತಿಶಾಸನಗಳಲ್ಲಿ ಇನ್ನೊಂದು ನ್ಯೂನತೆಯುಂಟು. ಗೆದ್ದವನ ಬಿರುದುಗಳು ಶಿಲೆಯ ಮೇಲೆ ಉಳಿದಿವೆ, ಸೋತವನಿಗೆ ಶಿಲೆಯಿಲ್ಲ. ಅವನು ಯಾವ ಯುಕ್ತಿಯನ್ನು ಮುಂದಿಟ್ಟನು, ಎಲ್ಲಿ ತಡವರಿಸಿದನು ಎಂಬುದನ್ನು ಅವು ತಿಳಿಸವು. ಕಳಸದ ಸಮೀಪದಲ್ಲಿ ಭದ್ರಾನದಿಯ ಅಂಬುತೀರ್ಥದಲ್ಲಿರುವ ಹಿರಿಯ ಬಂಡೆಯ ಶಾಸನವು, ಅದನ್ನು ಮಧ್ವಾಚಾರ್ಯರು ಒಂದೇ ಕೈಯಿಂದ ತಂದು ಸ್ಥಾಪಿಸಿದರೆಂದು ಹೇಳುತ್ತದೆ. ಅಲ್ಲಿ ಕೊಂಡಾಡಲ್ಪಟ್ಟಿರುವುದು ಬಾಹುಬಲ. ಅವರ ವಾಗ್ಬಲವನ್ನು ತಿಳಿಯಬೇಕಾದರೆ ಘಟ್ಟವನ್ನಿಳಿದು ಕಾಸರಗೋಡಿನ ಸೀಮೆಗೆ ಹೋಗಬೇಕು. ಅಲ್ಲಿ ಕುಂಬಳೆಯ ಅರಸನಾದ ಜಯಸಿಂಹನ ಕಾಲದಲ್ಲಿ ತ್ರಿವಿಕ್ರಮಪಂಡಿತಾಚಾರ್ಯರು ಮಧ್ವರೊಡನೆ ಬಹುದಿನ ವಾದಮಾಡಿ, ಕೊನೆಗೆ ಅವರ ಶಿಷ್ಯರಾದರು. ಬ್ರಹ್ಮಸೂತ್ರಭಾಷ್ಯಕ್ಕೆ 'ತತ್ತ್ವಪ್ರದೀಪ'ವೆಂಬ ವ್ಯಾಖ್ಯಾನವನ್ನು ಬರೆದರು. ಅನುವ್ಯಾಖ್ಯಾನವು ಹುಟ್ಟಿದುದು ಅವರ ಪ್ರಾರ್ಥನೆಯಿಂದಲೇ ಎಂದು ಸಂಪ್ರದಾಯ. ಈ ವೃತ್ತಾಂತವನ್ನೊಳಗೊಂಡ 'ಸುಮಧ್ವವಿಜಯ'ವನ್ನು ರಚಿಸಿದವರು ತ್ರಿವಿಕ್ರಮರ ಮಗನಾದ ನಾರಾಯಣಪಂಡಿತಾಚಾರ್ಯರು. ಸೋತವರ ಮನೆಯಿಂದಲೇ ಗೆದ್ದವರ ಚರಿತ್ರೆ ಹೊರಟಿತೆಂದರೆ, ಅಲ್ಲಿ ನಡೆದುದು ಜಲ್ಪವಲ್ಲ, ವಾದವೆಂದೇ ಹೇಳಬೇಕು.

ಹಾಗಾದರೆ ಶಿಷ್ಯರಾಗದೆ ಹೋದ ಪ್ರತಿವಾದಿಗಳ ಮಾತು ಎಲ್ಲಿ ಉಳಿದಿದೆ? ಅದು ಉಳಿದಿರುವುದು ಶಾಸ್ತ್ರಗ್ರಂಥಗಳ ಪೂರ್ವಪಕ್ಷದಲ್ಲಿ. ಮಾಧವಾಚಾರ್ಯರ ಹೆಸರಿನಿಂದ ಪ್ರಸಿದ್ಧವಾದ 14ನೆಯ ಶತಮಾನದ 'ಸರ್ವದರ್ಶನಸಂಗ್ರಹ'ವನ್ನು ಸಂಪ್ರದಾಯವು ಶೃಂಗೇರಿಯ ವಿದ್ಯಾರಣ್ಯರಿಗೆ ಸಲ್ಲಿಸುತ್ತದೆ. ಕರ್ತೃವಿನ ವಿಷಯದಲ್ಲಿ ಮತಭೇದವುಂಟು. ಕರ್ತೃ ಯಾರೇ ಆಗಲಿ, ಆಸ್ತಿಕನಾದ ಆ ಗ್ರಂಥಕಾರನು ಮೊತ್ತಮೊದಲು ನಿರೂಪಿಸಿರುವುದು ಚಾರ್ವಾಕದರ್ಶನವನ್ನು. ಅನುಮಾನವು ಪ್ರಮಾಣವಲ್ಲವೆಂಬ ಚಾರ್ವಾಕರ ಯುಕ್ತಿಯನ್ನು ಅವರ ಪರವಾಗಿಯೇ ನಿಂತು ವಿಸ್ತರಿಸಿದ್ದಾನೆ. ಚಾರ್ವಾಕರ ಮೂಲಸೂತ್ರಗಳು ಸಮಗ್ರವಾಗಿ ಉಳಿದುಬಂದಿಲ್ಲ. ಅವರ ಮತವನ್ನು ನಾವು ಬಹುಮಟ್ಟಿಗೆ ತಿಳಿದಿರುವುದು ಅದನ್ನು ಒಪ್ಪದವರ ಲೇಖನಿಯಿಂದಲೇ. ಹೀಗಿರಲು, ಪೂರ್ವಪಕ್ಷವನ್ನು ಬರೆಯುವವನ ಹೊಣೆ ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ. ಅವನು ವಿಕಾರಗೊಳಿಸಿದರೆ ಅದನ್ನು ತಿದ್ದುವುದಕ್ಕೆ ಇನ್ನೊಬ್ಬರಿಲ್ಲ.

ಈ ಶಿಕ್ಷಣವು ಕೇವಲ ಗತಕಾಲದ್ದಲ್ಲ. ಶೃಂಗೇರಿಯಲ್ಲಿ ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತೀ ಸ್ವಾಮಿಗಳು 1896ರಲ್ಲಿ ಸದ್ವಿದ್ಯಾಸಂಜೀವಿನೀ ಪಾಠಶಾಲೆಯನ್ನು ಸ್ಥಾಪಿಸಿದರು. 1992ರಲ್ಲಿ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದ ಶಾಖೆಯೊಂದು ಅಲ್ಲಿಗೆ ಬಂದಿತು. ಆ ಸಂಸ್ಥಾನವು 2020ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಭಾದ್ರಪದ ಶುಕ್ಲ ಚತುರ್ಥಿಯಿಂದ ಶ್ರೀಮಠದಲ್ಲಿ ನಡೆಯುವ ಮಹಾಗಣಪತಿ ವಾಕ್ಯಾರ್ಥಸಭೆಯಲ್ಲಿ ನ್ಯಾಯ, ಮೀಮಾಂಸಾ, ವ್ಯಾಕರಣ, ವೇದಾಂತಗಳ ಪಂಡಿತರು ಒಂದೊಂದು ಪಂಕ್ತಿಯನ್ನು ಹಿಡಿದು ವಿಚಾರಮಾಡುತ್ತಾರೆ. ಮೊದಲು ವಿಷಯ, ಬಳಿಕ ಸಂಶಯ, ಅನಂತರ ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ನಡುವೆ ಯಾರು ಬೇಕಾದರೂ ಆಕ್ಷೇಪಿಸಬಹುದು. ಬಾಯಿಪಾಠದ ಬಲವೊಂದರಿಂದಲೇ ಅಲ್ಲಿ ನಿಲ್ಲುವುದು ಸಾಧ್ಯವಿಲ್ಲ.

ಇಂದಿನ ವಿದ್ಯಾರ್ಥಿಗೆ ಈ ಪರಂಪರೆಯಿಂದ ದೊರೆಯತಕ್ಕುದು ಸಂಸ್ಕೃತವಾಕ್ಯಗಳ ಆಡಂಬರವಲ್ಲ. ಎದುರಾಳಿಯು ಕೇಳಿ, 'ಅಹುದು, ನನ್ನ ಮತವಿದೇ' ಎಂದು ಒಪ್ಪುವಂತೆ ಅವನ ಪಕ್ಷವನ್ನು ಹೇಳಿದ ಮೇಲೆಯೇ ಉತ್ತರಕ್ಕೆ ತೊಡಗಬೇಕೆಂಬ ನಿಯಮವು ದೊರೆಯತಕ್ಕುದು. ಸಾಹಿತ್ಯವನ್ನು ಬೋಧಿಸುವವರು ತಮ್ಮ ತರಗತಿಗಳಲ್ಲಿ ಕನ್ನಡದಲ್ಲಿಯೇ ಇದನ್ನು ಅಭ್ಯಾಸ ಮಾಡಿಸಬಹುದು. ಬಿರುದುಗಳು ಕಲ್ಲಿನ ಮೇಲೆ ಸವೆಯುತ್ತವೆ. ನ್ಯಾಯವಾಗಿ ಬರೆದಿಟ್ಟ ಪೂರ್ವಪಕ್ಷವು ಅದನ್ನು ಆಡಿದವರು ಅಳಿದ ಮೇಲೆಯೂ ಅವರ ಪರವಾಗಿ ಮಾತನಾಡುತ್ತಿರುವುದು.