ಜೀಪಿನ ಚಳಿ, ಎಂಜಿನ್ನಿನ ಬಿಸಿ

ಸೊಲ್ಲಾಪುರ ಸೀಮೆಯೊಳಗ ಜೀಪಿಗೆ ಹೀಟರ್ ಕೂಡಿಸೂದು ಅಂದ್ರ ಕೇಳಿದವರು ನಗತಾರ. ಬ್ಯಾಸಿಗಿಯೊಳಗ 42–43 ಡಿಗ್ರಿ ಬಿಸಲು ಬೀಳುವ ನಾಡು ನಮ್ಮದು. ಇಲ್ಲಿ ಗಾಡಿ ತಂಪ ಇಡೂದೇ ದೊಡ್ಡ ಕೆಲಸ. ಆದರ ಈಗ ನಮ್ಮ ಕಡೆ ಹುಡುಗರು ಹಳೇ ಜೀಪು, ಮಿಲಿಟರಿಯವರು ಹರಾಜ ಹಾಕಿದ ಜೋಂಗಾ ಅಂಥವು ತಂದು ಹೊಸದು ಮಾಡಸಾಕ ಹತ್ತ್ಯಾರ. ಮಾಡಿಸಿದ ಮ್ಯಾಲ ಲಡಾಖಕ್ಕ ಹೋಗಬೇಕಂತಾರ. ಅಲ್ಲಿಯ ಚಳಿಗೆ ಹೀಟರ್ ಬೇಕೇ ಬೇಕು. ಆ ಹೀಟರ್ ಬಿಸಿ ಎಲ್ಲಿಂದ ತಗೋಬೇಕು ಅನ್ನೂದು ಸಣ್ಣ ಮಾತಲ್ಲ, ಅದರ ಮ್ಯಾಲ ಮನುಷ್ಯಾರ ಜೀವ ನಿಂತದ. ಈ ಮಾತು ತಿಳೀಬೇಕಾದ್ರ ಜೀಪು ಹುಟ್ಟಿದ ಕಥಿಯಿಂದ ಸುರು ಮಾಡಬೇಕು.

ಎರಡನೇ ಮಹಾಯುದ್ಧದ ಹೊತ್ತಿನ್ಯಾಗ, 1940ರಲ್ಲಿ, ಅಮೇರಿಕದ ಸೈನ್ಯ ಕಲ್ಲು, ಕೆಸರು, ಗುಡ್ಡ ಎಲ್ಲಾ ಕಡೆ ಹೋಗುವಂಥ ಹಗುರ ಗಾಡಿ ಬೇಕಂತ ಕೇಳಿತು. ಬ್ಯಾಂಟಮ್ ಅನ್ನೂ ಕಂಪನಿ ಮೊದಲನೇ ಮಾದರಿ ಮಾಡಿ ತೋರಿಸಿತು. ಆಮ್ಯಾಲ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯೂತನಕ 6 ಲಕ್ಷಕ್ಕಿಂತ ಹೆಚ್ಚು ಜೀಪು ಮಾಡಿದವು. ಗಾಡಿಯ ತೂಕಕ್ಕ ಸೈನ್ಯ ಗೆರಿ ಹಾಕಿತ್ತು: 2160 ಪೌಂಡ್, ಅಂದ್ರ ಸುಮಾರು 980 ಕಿಲೋ. ಆ ಗೆರಿ ಒಳಗ ಬರಬೇಕಂತ ವಿಲ್ಲಿಸ್ ಕಂಪನಿಯವರು ಬೋಲ್ಟಿನ ಉದ್ದ ಸುದ್ದಾ ಕತ್ತರಿಸಿದ್ರು ಅಂತ ಹೇಳತಾರ. ಬೋಲ್ಟು ಕತ್ತರಿಸಿದವರು ಹೀಟರ್ ಎಲ್ಲಿ ಕೂಡಿಸ್ಯಾರು? ಬಾಗಲಾ ಇಲ್ಲ, ಮ್ಯಾಲ ತಾಡಪತ್ರಿಯ ಹುಡ್, ಬ್ಯಾಟರಿ ಬರೇ 6 ವೋಲ್ಟಿಂದು. ಎಂಜಿನ್ ಮಾತ್ರ ಗಟ್ಟಿ: ನಾಕು ಸಿಲಿಂಡರ್, 2.2 ಲೀಟರ್, 60 ಕುದುರಿಯ ಬಲ.

ಈ ಜೀಪು ನಮ್ಮ ದೇಶಕ್ಕ ಬಂದ ದಾರಿ ಮುಂಬೈಯಿಂದ. 1945ರ ಅಕ್ಟೋಬರ್ 2ಕ್ಕ ಮಹೀಂದ್ರ ಮನೆತನದ ಇಬ್ಬರು ಅಣ್ಣತಮ್ಮಂದಿರು ಮತ್ತು ಗುಲಾಮ್ ಮೊಹಮ್ಮದ್ ಅನ್ನೂವರು ಕೂಡಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಅಂತ ಉಕ್ಕಿನ ವ್ಯಾಪಾರ ತಗದರು. ದೇಶ ಎರಡಾತು. ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕ ಹೋಗಿ ಅಲ್ಲಿಯ ಮೊದಲನೇ ಹಣಕಾಸು ಮಂತ್ರಿ ಆದರು. 1948ರಲ್ಲಿ ಕಂಪನಿ ‘ಮಹೀಂದ್ರ ಅಂಡ್ ಮಹೀಂದ್ರ’ ಆತು. ಮುಂಬೈಯ ಮಜಗಾವದಾಗ ವಿಲ್ಲಿಸ್ ಜೀಪಿನ ಸಾಮಾನು ತರಿಸಿ ಜೋಡಸಾಕ ಹತ್ತಿದರು, ಬರಬರ್ತಾ ಇಲ್ಲೇ ತಯಾರ ಮಾಡಿದರು. 1952ರ ಅಕ್ಟೋಬರ್ 2ಕ್ಕ ಸರಕಾರ ಸಮುದಾಯ ಅಭಿವೃದ್ಧಿ ಯೋಜನೆ ಸುರು ಮಾಡಿದ ಮ್ಯಾಲ ಬ್ಲಾಕಿನ ಸಾಹೇಬರು ಹಳ್ಳಿಗೆ ಬರೂದು ಜೀಪಿನ ಮ್ಯಾಲೇ. ನಮ್ಮ ಹಿರೇರ ಬಾಯಾಗ ‘ಜೀಪು ಬಂತು’ ಅಂದ್ರ ‘ಸರಕಾರ ಬಂತು’ ಅಂತ ಅರ್ಥ.

ನಮ್ಮ ಕಡೆಯ ಜೀಪಿಗೆ ಹೀಟರ್ ಯಾರೂ ಕೇಳಲಿಲ್ಲ. ಡಿಸೆಂಬರ್, ಜನವರಿ ರಾತ್ರಿ 12–13 ಡಿಗ್ರಿಗೆ ಇಳಿದ್ರೂ ಅದಕ್ಕ ಮದ್ದು ಮನಿಯಾಗೇ ಇತ್ತು: ಕುರುಬರ ಕಂಬಳಿ, ಇಲ್ಲಾ ಸೊಲ್ಲಾಪುರದ ಚಾದರ. ಆ ಚಾದರಕ್ಕ ಈಗ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕದ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡಾ ಜಾತ್ರಿಗೆ ಹೋಗುವಾಗ ಒಂದು ಜೀಪಿನ್ಯಾಗ ಹತ್ತು ಮಂದಿ ತುರುಕಿ ಕುಂತ್ರ ಮೈಗೆ ಮೈ ಹತ್ತಿ ಬೆಚ್ಚಗ ಆಗತಿತ್ತು. ಅದೇ ನಮ್ಮ ಹೀಟರ್.

ಇದೇ ಜೀಪು ಹಿಮದ ನಾಡಿಗೆ ಹೋದಾಗ ಕಥಿ ಬ್ಯಾರೆ ಆತು. 1948ರ ಕಾಶ್ಮೀರದ ಯುದ್ಧದಾಗ ಲಡಾಖಿಗೆ ಹೋಗುವ ಜೋಜಿಲಾ ಕಣಿವಿ ಶತ್ರುಗಳ ಕೈಯಾಗ ಇತ್ತು. ಎತ್ತರ ಸುಮಾರು 11,500 ಅಡಿ. ಅಲ್ಲಿ ಸೈನ್ಯ ನಡಸಿದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಹೇಸರಗತ್ತಿ ಹೋಗೂವಂಥ ದಾರಿಯನ್ನ ಮದ್ರಾಸ್ ಸ್ಯಾಪರ್ಸ್ ಪಡೆಯವರು ಅಗಲ ಮಾಡಿದರು. ಆ ಪಡೆಯ ಕೇಂದ್ರ ಇರೂದು ಬೆಂಗಳೂರಾಗ. ನವೆಂಬರ್ 1ಕ್ಕ ತಿಮ್ಮಯ್ಯನವರು ಆ ದಾರಿಯ ಮ್ಯಾಲ ಸ್ಟುವರ್ಟ್ ಟ್ಯಾಂಕು ಏರಿಸಿದರು. ಅಷ್ಟು ಎತ್ತರದಾಗ ಟ್ಯಾಂಕು ಬರತಾವ ಅಂತ ಶತ್ರು ಕನಸಿನ್ಯಾಗೂ ಎಣಿಸಿರಲಿಲ್ಲ. ಕಣಿವಿ ಗೆದ್ದರು, ಅದೇ ತಿಂಗಳು ಕಾರ್ಗಿಲ್ಲೂ ಕೈಗೆ ಬಂತು. ಅಲ್ಲಿ ಚಳಿಯೂ ಗುಂಡಿನಂಗ ಒಂದು ಶತ್ರು. ರೇಡಿಯೇಟರಿನ ನೀರು ಹೆಪ್ಪುಗಟ್ಟಿದ್ರ ಎಂಜಿನ್ ಬ್ಲಾಕೇ ಒಡೀತದ. ಯಾಕಂದ್ರ ನೀರು ಮಂಜು ಆಗುವಾಗ ಹಿಗ್ಗತದ. ಮುಂದ 1960ರ ದಶಕದಿಂದ 1999ರ ತನಕ ಜಬಲ್ಪುರದ ಕಾರ್ಖಾನಿಯೊಳಗ ನಿಸ್ಸಾನ್ ಪೆಟ್ರೋಲ್ ಗಾಡಿಯ ಮಾದರಿ ಮ್ಯಾಲ ಜೋಂಗಾ ತಯಾರಾತು. ಅದನ್ನೂ ಗಡಿಯ ಗುಡ್ಡದಾಗ ಓಡಿಸಿದರು. ಈಗ ನಮ್ಮ ಹುಡುಗರ ಕೈಗೆ ಬರೂದು ಇಂಥ ಗಾಡಿಗಳೇ.

ಮೋಟಾರಿನೊಳಗ ಬಿಸಿ ತರೂದಕ್ಕ ಹಿಂದಿನಿಂದಲೂ ಎರಡು ದಾರಿ ಅದಾವು. ಎಂಜಿನ್ನಿನ್ಯಾಗ ಸುಟ್ಟ ಎಣ್ಣಿಯ ಶಕ್ತಿ ಗಾಲಿಗೆ ಮುಟ್ಟೂದು ಸುಮಾರು ಕಾಲು ಭಾಗ. ಉಳಿದದ್ದರೊಳಗ ಬಹಳಷ್ಟು ಸೈಲೆನ್ಸರಿನ ಹೊಗಿಯಾಗಿ, ರೇಡಿಯೇಟರಿನ ಬಿಸಿನೀರಾಗಿ ಹೊರಗ ಹೋಗತದ. ಹೀಟರ್ ಅಂದ್ರ ಈ ಹಾಳಾಗೂ ಬಿಸಿಯೊಳಗ ಒಂದು ಪಾಲು ಒಳಗ ಕರಕೊಳ್ಳೂದು. ಮೊದಲಿನವರು ಹೊಗಿಯ ದಾರಿ ಹಿಡದರು. 1927ರಿಂದ 1931ರ ತನಕ ಬಂದ ಫೋರ್ಡ್ ಮಾಡೆಲ್ ಎ ಗಾಡಿಗೆ ಹೊಗಿ ಕೊಳವಿಯ ಮ್ಯಾಲ ತಗಡಿನ ಹೊದಿಕಿ ಹಾಕಿ, ನಡುವಿನ ಬಿಸಿಗಾಳಿ ಒಳಗ ಬಿಡುವ ಹೀಟರ್ ಮಾರತಿದ್ದರು. ಅಗ್ಗ, ಲಗೂನೇ ಬಿಸಿ ಆಗತದ. ಆದರ ಕೊಳವಿ ತುಕ್ಕು ಹಿಡಿದು ತೂತು ಬಿದ್ರ ಬಿಸಿಗಾಳಿ ಕೂಡ ಹೊಗಿಯೂ ಒಳಗ ಬಂತು. ಎರಡನೇ ದಾರಿ ನೀರಿಂದು. ಎಂಜಿನ್ನಿನ ಬಿಸಿನೀರು ರಬ್ಬರ್ ಪೈಪಿನಿಂದ ಒಳಗಿನ ಸಣ್ಣ ರೇಡಿಯೇಟರಿಗೆ ಬರತದ, ಫ್ಯಾನು ಅದರೊಳಗಿಂದ ಗಾಳಿ ಊದತದ. 1938ರಲ್ಲಿ ಅಮೇರಿಕದ ನ್ಯಾಶ್ ಕಂಪನಿ ಹೊರಗಿನ ಸ್ವಚ್ಛ ಗಾಳಿ ತಗೊಂಡು, ಬಿಸಿನೀರಿನಿಂದ ಕಾಸಿ ಒಳಗ ಬಿಡೂ ವ್ಯವಸ್ಥಾ ತಂತು. ಈಗಿನ ಬಹಳಷ್ಟು ಮೋಟಾರುಗಳ ಹೀಟರು ಹೆಚ್ಚು ಕಡಿಮಿ ಇದೇ ಪದ್ಧತಿಯವು.

ಹಲಗಿ ಬಾರಿಸೂವರಿಗೆ ಇದು ಲಗೂನೇ ತಿಳೀತದ. ಚರ್ಮ ಸಡ್ಲ ಆದಾಗ ಹಲಗಿ ಕಾಸತೀವಿ. ಬೆಂಕಿಗೆ ಹಿಡದು ಬಿಸಿ ಅಷ್ಟೇ ತಗೋತೀವಿ, ಬೆಂಕಿ ತಗೊಳ್ಳಂಗಿಲ್ಲ. ಹೀಟರಿನ ಧರ್ಮವೂ ಅದೇ: ಬಿಸಿ ಒಳಗ ಬರಲಿ, ಹೊಗಿ ಹೊರಗೇ ಹೋಗಲಿ.

ಹೊಗಿ ಒಳಗ ಬಂದ್ರ ಏನಾಗತದ ಅನ್ನೂದು ನಮ್ಮ ಭಜನಿ ಮೇಳ ಕಂಡದ. ಒಂದು ವರ್ಷ ಪುಷ್ಯ ಮಾಸದಾಗ ರಾತ್ರಿ ಹಾಡಿಕಿ ಮುಗಿಸಿ ಬಾಡಿಗಿ ಜೀಪಿನ್ಯಾಗ ಬರತಿದ್ವಿ. ಚಳಿ ಅಂತ ತಾಡಪತ್ರಿ ನಾಕೂ ಕಡೆ ಬಿಗಿದಿದ್ದರು. ತಳದ ತಗಡಿನ್ಯಾಗ ತೂತು, ಅದರ ಕೆಳಗ ಸೈಲೆನ್ಸರ್ ಒಡದಿತ್ತು. ತಾಳದವಗ ಮೊದಲು ತಲಿನೋವು ಬಂತು, ಆಮ್ಯಾಲ ವಾಂತಿ. ಹಿಂದ ಕುಂತ ಇಬ್ಬರಿಗೆ ಎಬ್ಬಿಸಿದ್ರೂ ಎಚ್ಚರ ಆಗವಲ್ದು. ದಣಿವಿನ ನಿದ್ದಿ ಅಂತ ಉಳದವರು ಅಂದರು. ಮೇಳದಾಗ ಮಿಲಿಟರಿಯಿಂದ ನಿವೃತ್ತ ಆದ ಒಬ್ಬ ಕಾಕಾ ಇದ್ದರು. ‘ಏ ತಮ್ಮಾ, ಗಾಡಿ ನಿಲ್ಸು, ಎಲ್ಲಾರನೂ ಕೆಳಗ ಇಳಸು’ ಅಂತ ಒದರಿ ತಾಡಪತ್ರಿ ಹರದೇ ಬಿಟ್ಟರು. ಅರ್ಧ ತಾಸು ಬಯಲ ಗಾಳಿಯೊಳಗ ಮಲಗಿಸಿದ ಮ್ಯಾಲ ಅವರಿಬ್ಬರೂ ಕಣ್ಣು ತಗದರು. ಅಲ್ಲಿಂದ ದವಾಖಾನಿಗೆ ಒಯ್ದರು. ಕಾಕಾ ಇರದಿದ್ರ ನಮ್ಮ ಮೇಳದಾಗ ಎರಡು ದನಿ ಅವತ್ತೇ ನಿಲ್ಲತಿದ್ದವು.

ಅದು ಕಾರ್ಬನ್ ಮೋನಾಕ್ಸೈಡ್ ಅನ್ನೂ ಗಾಳಿ. ಬಣ್ಣ ಇಲ್ಲ, ವಾಸನಿ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇದನ್ನ 200 ಪಟ್ಟಿಗಿಂತ ಗಟ್ಟಿಯಾಗಿ ಹಿಡಕೋತದ. ಅದಕ್ಕ ಉಸಿರು ಆಡತಿದ್ರೂ ಮೈಗೆ ಉಸಿರು ಮುಟ್ಟಂಗಿಲ್ಲ. ಚಳಿಗಾಲದಾಗ ಮುಚ್ಚಿದ ಕೋಣ್ಯಾಗ ಇದ್ದಲಿ ಶೆಗಡಿ ಇಟ್ಟು ಮಲಗಿದವರು ಬೆಳಿಗ್ಗಿ ಏಳದಂಗ ಆಗೂದೂ ಇದರಿಂದಲೇ. ಶಾಲಿಯ ಮಾಸ್ತರರು ಇದನ್ನ ಮಕ್ಕಳಿಗೆ ಹೇಳಬೇಕು.

ಹಂಗಾದ್ರ ಹಳೇ ಜೀಪಿನ ಹೀಟರ್ ಸುಧಾರಣಿ ಹ್ಯಾಂಗ ಮಾಡೂದು? ಕೇಳಿ, ನೋಡಿ ತಿಳಕೊಂಡದ್ದು ಹೇಳತೀನಿ. ಮೊದಲನೇದು ಥರ್ಮೋಸ್ಟಾಟ್. ಎಂಜಿನ್ ತಕ್ಕಷ್ಟು ಕಾಯೂತನಕ ನೀರು ರೇಡಿಯೇಟರಿಗೆ ಹೋಗದಂಗ ತಡಿಯೂ ಸಣ್ಣ ಬಾಗಲಾ ಅದು. 80 ಡಿಗ್ರಿಯ ಆಜೂಬಾಜೂ ತೆರೀತದ. ನಮ್ಮ ಬಿಸಲ ನಾಡಿನ ಮಿಸ್ತ್ರಿಗಳು ಎಂಜಿನ್ ಕಾಯಬಾರದಂತ ಅದನ್ನ ಎಷ್ಟೋ ಗಾಡಿಯಿಂದ ತಗದು ಒಗದಾರ. ಅದು ಇಲ್ಲದ ಎಂಜಿನ್ನಿನ ನೀರು ಚಳಿಯಾಗ ಉಗುರು ಬೆಚ್ಚಗ ಅಷ್ಟೇ ಆಗತದ. ಎಂಥ ದೊಡ್ಡ ಹೀಟರ್ ಕೂಡಿಸಿದ್ರೂ ತಂಪು ಗಾಳಿನೇ ಬರತದ. ಹೀಟರ್ ಕೊಳ್ಳೂ ಮೊದಲ ಥರ್ಮೋಸ್ಟಾಟ್ ತಿರುಗಿ ಹಾಕ್ರಿ.

ಎರಡನೇದು, ನೀರಿನ ದಾರಿ ತೊಳಸ್ರಿ. ವರ್ಷಾನುವರ್ಷ ಬಾವಿ, ಬೋರಿನ ಸವಳ ನೀರು ಹಾಕಿ ಒಳಗ ಗಾರು ಕಟ್ಟಿರತದ. ತೊಳದ ಮ್ಯಾಲ ಕೂಲೆಂಟು ಮತ್ತು ಶುದ್ಧ ನೀರು ಅರ್ಧಕ್ಕರ್ಧ ಕೂಡಿಸಿದ್ರ ಸೊನ್ನಿಗಿಂತ 30 ಡಿಗ್ರಿ ಕೆಳಗ ಇಳಿದ್ರೂ ಹೆಪ್ಪುಗಟ್ಟಂಗಿಲ್ಲ. ಆ ಕೂಲೆಂಟು ಸಿಹಿ ಇರತದ, ಆದರ ವಿಷ. ನೆಲಕ್ಕ ಚೆಲ್ಲಿದ್ರ ದನ, ನಾಯಿ ನೆಕ್ಕತಾವ. ಎಚ್ಚರ ಇರಲಿ.

ಮೂರನೇದು ಫ್ಯಾನು. ಹಳೇ ಡೈನಮೋ, ಅದರಾಗ 6 ವೋಲ್ಟಿನ ಗಾಡಿ, ದೊಡ್ಡ ಫ್ಯಾನು ಎಳಿಯಂಗಿಲ್ಲ. 12 ವೋಲ್ಟು ಮಾಡಿ ಆಲ್ಟರ್ನೇಟರ್ ಹಾಕಿದ ಮ್ಯಾಲೇ ಅದರ ಮಾತು. ನಾಕನೇದು, ನಮ್ಮಂಥವರಿಗೆ ಬಹಳ ಜರೂರು: ಬಿಸಿನೀರಿನ ಪೈಪಿಗೆ ಒಂದು ನಳ ಇರಲಿ. ಲಡಾಖದಿಂದ ತಿರುಗಿ ಬಂದ ಮ್ಯಾಲ ಅದನ್ನ ಬಂದ್ ಮಾಡದಿದ್ರ ಏಪ್ರಿಲ್ ತಿಂಗಳ ಸೊಲ್ಲಾಪುರದಾಗ ಕಾಲು ಬೇಯತಾವ.

ಕಡೀದು, ಆದರ ಎಲ್ಲಕ್ಕೂ ಮೊದಲ ಮಾಡೂದು: ಸೈಲೆನ್ಸರ್ ಪೂರ್ತಿ ನೋಡ್ರಿ, ತಳದ ತಗಡಿನ, ಎಂಜಿನ್ ಕಡಿಯ ಗ್ವಾಡಿಯ ತೂತೆಲ್ಲಾ ಮುಚ್ಚಸ್ರಿ. ಇದರಿಂದ ತಂಪು ಗಾಳಿನೂ ನಿಲ್ಲತದ, ಹೊಗಿನೂ ನಿಲ್ಲತದ. ಹೀಟರ್ ಹೊರಗಿನ ಗಾಳಿ ತಗೊಳ್ಳೂವಂಗ ಇರಲಿ, ಆ ಗಾಳಿಯ ಬಾಯಿ ಎಂಜಿನ್ನಿನಿಂದ, ಹೊಗಿಯಿಂದ ದೂರ ಇರಲಿ. ಸೈಲೆನ್ಸರಿಗೆ ತಗಡು ಸುತ್ತಿ ಅಗ್ಗದಾಗ ಬಿಸಿ ಕೊಡತೀವಿ ಅಂದವರ ಮಾತು ಕೇಳಬ್ಯಾಡ್ರಿ. ನಿಂತ ಗಾಡಿಯೊಳಗ ಎಂಜಿನ್ ಚಾಲೂ ಇಟ್ಟು ಯಾರೂ ಮಲಗಬ್ಯಾಡ್ರಿ. ಗಾಡಿಯಾಗ ಒಬ್ಬರಿಗೆ ತಲಿನೋವು, ಇನ್ನೊಬ್ಬರಿಗೆ ಅದೇ ತಲಿನೋವು ಅಂದ್ರ ಚಳಿ ಅನ್ನಬ್ಯಾಡ್ರಿ, ಇಳೀರಿ.

ಜೀಪು ಹುಟ್ಟಿ 80 ವರ್ಷ ದಾಟ್ಯಾವ. ಅದನ್ನ ಉಳಿಸಿಕೊಳ್ಳೂ ಹುಡುಗರ ಹಂಬಲ ಒಳ್ಳೇದು. ಹಳೇ ಪದ ಉಳಸೂದು, ಹಳೇ ಗಾಡಿ ಉಳಸೂದು ಎರಡೂ ಒಂದೇ ಜಾತಿಯ ಕೆಲಸ. ಬಿಸಿ ಬೇಕಾದವರು ನೀರಿನ ದಾರಿ ಹಿಡೀರಿ, ಖರ್ಚು ನಾಕು ದುಡ್ಡು ಹೆಚ್ಚಾಗಲಿ. ಅಷ್ಟಾಗಿಯೂ ಹೋಗುವಾಗ ಗಾಡ್ಯಾಗ ತಲಿಗೊಂದು ಸೊಲ್ಲಾಪುರ ಚಾದರ ಇರಲಿ. ಗುಡ್ಡದ ದಾರ್ಯಾಗ ಎಂಜಿನ್ನೇ ಕೆಟ್ಟು ನಿಂತ್ರ ಹೀಟರೂ ನಿಲ್ಲತದ, ಚಾದರ ನಿಲ್ಲಂಗಿಲ್ಲ.