ಎಲ್ಲಿಗೆ ಹೋಗುವುದು? ತಿರುವಾಂಕೂರು ಬಿಟ್ಟು ಮಲಬಾರಿಗೆ ಬಂದವರ ಕಥೆ



ಕಾಞಂಗಾಡಿನಿಂದ ಪಾಣತ್ತೂರಿಗೆ ಹೋಗುವ ಬಸ್ಸಿನಲ್ಲಿ ನಿಮ್ಮಲ್ಲಿ ಅನೇಕರು ಕುಳಿತವರೇ. ಕರಾವಳಿಯ ಸೆಖೆ ಹಿಂದೆ ಬಿದ್ದು, ಗುಡ್ಡ ಏರಿ, ರಬ್ಬರ್ ಮರಗಳ ಸಾಲು ಶುರುವಾಗುವ ಹೊತ್ತಿಗೆ ಬಸ್ಸಿನೊಳಗಿನ ಮಲಯಾಳವೂ ಬದಲಾಗುತ್ತದೆ. ಕಾಸರಗೋಡಿನ ಮಲಯಾಳ ಇಳಿದು ಕೋಟ್ಟಯಂನ ಮಲಯಾಳ ಹತ್ತುತ್ತದೆ. ವಯನಾಡಿನ ಪುಲ್ಪಳ್ಳಿಯಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ ಇರುವ ನಮ್ಮ ಕೇಳುಗರಿಗೂ ಈ ಅನುಭವ ಉಂಟು. ಇವರೆಲ್ಲ ನಮ್ಮ ನೆರೆಯವರು, ನಮ್ಮ ಮಕ್ಕಳ ಸಹಪಾಠಿಗಳು. ಇವರ ಅಜ್ಜಂದಿರು ನಾಲ್ಕು ನೂರು ಕಿಲೋಮೀಟರ್ ದೂರದಿಂದ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಇಷ್ಟು ಜಾಗಗಳ ನಡುವೆ ಇಲ್ಲಿಗೇ ಯಾಕೆ ಬಂದರು? ಇಂದಿನ ಮಾತು ಅದರ ಬಗ್ಗೆ.

ಊರು ಬಿಡುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಚರಿತ್ರೆಯ ಪುಸ್ತಕಗಳಲ್ಲಿ ಅದು ಸಾಕಷ್ಟು ಬಂದಿದೆ. ತಿರುವಾಂಕೂರಿನಲ್ಲಿ 1865ರ ರಾಜಶಾಸನದಿಂದ ಸರಕಾರಿ ಭೂಮಿಯ ಗೇಣಿದಾರರು ಒಡೆಯರಾಗಿದ್ದರು. ಭೂಮಿ ಕೈಗೆ ಬಂದ ಮೇಲೆ ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತ ಬಂತು. ಮೀನಚ್ಚಿಲ್, ಚಂಗನಾಶ್ಶೇರಿ, ತೊಡುಪುಳ ಕಡೆಯ ಸಿರಿಯನ್ ಕ್ರೈಸ್ತ ರೈತರಲ್ಲಿ ಐದಾರು ಗಂಡುಮಕ್ಕಳಿದ್ದ ಮನೆಗಳು ಕಡಿಮೆ ಇರಲಿಲ್ಲ. 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಕಡಿಮೆಯಾದದ್ದು. ಆದರೂ ಸ್ತ್ರೀಧನಕ್ಕೆಂದು ಒಂದು ತುಂಡು ಭೂಮಿ ಮಾರಬೇಕಾಗುತ್ತಿತ್ತು. 1930ರ ನಂತರ ಜಗತ್ತಿನಾದ್ಯಂತ ಧಾರಣೆ ಕುಸಿದಾಗ ಮೆಣಸು, ತೆಂಗು, ರಬ್ಬರ್ ಎಲ್ಲವೂ ನೆಲ ಕಚ್ಚಿದವು. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಆಂಡ್ ಕ್ವಿಲಾನ್ ಬ್ಯಾಂಕು ಮುಳುಗಿತು, ಕೂಡಿಟ್ಟವರ ಹಣವೂ ಹೋಯಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ತಿರುವಾಂಕೂರು ಆ ಅಕ್ಕಿಯನ್ನೇ ನಂಬಿಕೊಂಡಿದ್ದ ಸೀಮೆ. ಮರಗೆಣಸು ಬೇಯಿಸಿ ತಿಂದು ಎಷ್ಟು ದಿನ ಇರುವುದು?

ಸರಿ, ಹೊರಡಬೇಕು. ಎಲ್ಲಿಗೆ?

ನೀವೇ ಆ ಮನೆಯ ಯಜಮಾನ ಎಂದು ಒಂದು ಗಳಿಗೆ ಭಾವಿಸಿಕೊಳ್ಳಿ. ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಮನೆಯಿಂದ ಕಾಣುವ ಪೂರ್ವದ ಬೆಟ್ಟಗಳು, ಈಗಿನ ಇಡುಕ್ಕಿ ಜಿಲ್ಲೆ. ಹತ್ತಿರ, ನಮ್ಮದೇ ರಾಜ್ಯ, ನಮ್ಮದೇ ಮಾತು. ಯುದ್ಧಕಾಲದಲ್ಲಿ ಆಹಾರ ಬೆಳೆಯಲೆಂದು ತಿರುವಾಂಕೂರು ಸರಕಾರವೇ ಕಾಡಿನ ಭಾಗಗಳನ್ನು ತಾತ್ಕಾಲಿಕ ಗೇಣಿಗೆ ಕೊಡುತ್ತಿತ್ತು, ಅದಕ್ಕೆ ಕುತ್ತಕಪಾಟ್ಟಂ ಎಂದು ಹೆಸರು. ಆನೆ ಕಾಟ, ಚಳಿ, ದಾರಿ ಇಲ್ಲ. ಆದರೆ ಕೈಯಿಂದ ದುಡ್ಡು ಕೊಡಬೇಕಾದದ್ದು ಕಡಿಮೆ. ಎರಡನೆಯದು ಮಲಬಾರು. ಅದು ಮದರಾಸು ಪ್ರಾಂತ, ಬ್ರಿಟಿಷರ ಆಡಳಿತ, ಪರರಾಜ್ಯ. ಅಲ್ಲಿ ಭೂಮಿ ಜನ್ಮಿಗಳದ್ದು. ನಿಲಂಬೂರು ಕೋವಿಲಕದಂಥ ಒಂದೊಂದು ಮನೆತನಕ್ಕೆ ಕಣ್ಣು ಹಾಯುವಷ್ಟು ಕಾಡು. ಅವರಿಗೆ ಕಾಡಿನಿಂದ ಹುಟ್ಟುವಳಿ ಅಷ್ಟಕ್ಕಷ್ಟೆ, ಹಣದ ಅಗತ್ಯ ಇತ್ತು. ಊರಿನಲ್ಲಿ ಒಂದೆಕ್ರೆ ಮಾರಿದವನು ಅಲ್ಲಿ ಹಲವು ಎಕ್ರೆಗೆ ಒಡೆಯನಾಗಬಹುದು ಎಂಬ ಸುದ್ದಿ ಚರ್ಚಿನ ಅಂಗಳದಲ್ಲಿ, ಸಂತೆಯಲ್ಲಿ ಹರಡಿತು.

ಹೀಗೆ ಸುದ್ದಿ ಬಂದ ಕೂಡಲೆ ಯಾರೂ ಮೂಟೆ ಕಟ್ಟಲಿಲ್ಲ. ಮೊದಲು ಗಂಡಸರು ಒಬ್ಬಿಬ್ಬರು ಹೋಗಿ ನೋಡಿ ಬರುತ್ತಿದ್ದರು. ಕೋಟ್ಟಯಂಗೆ ರೈಲು ಬಂದದ್ದು 1956ರಲ್ಲಿ. ಅದಕ್ಕೆ ಮೊದಲು ವೇಂಬನಾಡು ಕಾಯಲಿನಲ್ಲಿ ದೋಣಿ ಹಿಡಿದು ಎರ್ನಾಕುಳಂ ಸೇರಿ, ಅಲ್ಲಿಂದ ರೈಲಿನಲ್ಲಿ ಷೊರನೂರಿಗೆ, ಮತ್ತೆ ಕಲ್ಲಿಕೋಟೆ, ತಲಶ್ಶೇರಿ, ಕಣ್ಣೂರಿನ ಮಾರ್ಗವಾಗಿ ಬರಬೇಕಿತ್ತು. ನಿಲ್ದಾಣದಲ್ಲಿ ಇಳಿದ ಮೇಲೆ ಕಾಲ್ನಡಿಗೆ. ಬಂದವರು ಮಣ್ಣು ಹಿಡಿದು ನೋಡುತ್ತಿದ್ದರು. ಬೇಸಗೆಯಲ್ಲಿ ತೋಡು ಬತ್ತುತ್ತದೆಯೇ, ಮೆಣಸಿನ ಬಳ್ಳಿ ಹಬ್ಬಿಸಲು ಮರಗಳಿವೆಯೇ ಎಂದು ವಿಚಾರಿಸುತ್ತಿದ್ದರು. ಇಷ್ಟೇ ಮುಖ್ಯವಾಗಿ, ತಮ್ಮ ಕಡೆಯವರು ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದರು. ಮಣ್ಣು ಎಷ್ಟೇ ಚೆನ್ನಾಗಿದ್ದರೂ, ಸತ್ತರೆ ಹೊರುವುದಕ್ಕೆ ನಾಲ್ಕು ಜನ ಇಲ್ಲದ ಕಡೆ ಸಂಸಾರ ಹೂಡುವುದು ಹೇಗೆ?

ಈ ಕೊನೆಯ ಪ್ರಶ್ನೆಗೆ ಕೆಲವರು ಒಟ್ಟಾಗಿ ಉತ್ತರ ಹುಡುಕಿದರು. ಕೋಟ್ಟಯಂ ಧರ್ಮಪ್ರಾಂತದ ಕ್ನಾನಾಯ ಕ್ರೈಸ್ತರು ಬಿಷಪ್ ಅಲೆಕ್ಸಾಂಡರ್ ಚೂಳಪ್ಪರಂಬಿಲ್ ಅವರ ಕಾಲದಲ್ಲಿ, ಪ್ರೊಫೆಸರ್ ವಿ. ಜೆ. ಜೋಸೆಫ್ ಕಂಡೋತ್ ಎಂಬವರ ಮುಂದಾಳುತನದಲ್ಲಿ, ಬಿಡಿಬಿಡಿಯಾಗಿ ಹೋಗದೆ ಗುಂಪಾಗಿ ಹೋಗಲು ನಿಶ್ಚಯಿಸಿದರು. ಭೂಮಿಯನ್ನು ಒಟ್ಟಿಗೆ ಕೊಂಡು ಪಾಲು ಮಾಡಿಕೊಂಡರು. 1943ರಲ್ಲಿ 72 ಕುಟುಂಬಗಳು ಬಂದು ಇಳಿದ ಜಾಗವೇ ನಾನು ಆಗ ಹೇಳಿದ ಪಾಣತ್ತೂರು ದಾರಿಯಲ್ಲಿರುವ ರಾಜಪುರಂ. ಅದೇ ವರ್ಷ ಕಣ್ಣೂರಿನ ಕಡೆ ಇನ್ನೊಂದು ಗುಂಪು ನೆಲೆಸಿತು. ಆ ಜಾಗಕ್ಕೆ ಬಿಷಪ್ಪರ ಹೆಸರಿನಿಂದ ಅಲೆಕ್ಸ್‌ನಗರ್ ಎಂದಾಯಿತು.

ಇಲ್ಲಿ ಒಂದು ಮಾತು. 1943ರಲ್ಲಿ ರಾಜಪುರಂ ಮಲಬಾರಿನಲ್ಲಿ ಇರಲಿಲ್ಲ. ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಒಳಗಿತ್ತು. ಆ ತಾಲೂಕಿನ ಕಂದಾಯ ಕಡತಗಳ ಮುಖ್ಯ ಭಾಷೆ ಕನ್ನಡ. ಜಿಲ್ಲಾ ಕೇಂದ್ರ ಮಂಗಳೂರು. ಮಾತೃಭಾಷೆಯ ರಾಜ್ಯ ಬಿಟ್ಟು ಬಂದ ಆ ಕುಟುಂಬಗಳು, 13 ವರ್ಷ ಕಳೆದು 1956ರ ನವೆಂಬರ್ 1ರಂದು ಒಂದು ಹೆಜ್ಜೆಯೂ ಕದಲದೆ ಮತ್ತೆ ಮಾತೃಭಾಷೆಯ ರಾಜ್ಯಕ್ಕೆ ಸೇರಿದವು. ಅದೇ ದಿನ, ಅದೇ ತಾಲೂಕಿನಲ್ಲಿ, ತಲೆತಲಾಂತರದಿಂದ ಇದ್ದಲ್ಲೇ ಇದ್ದ ನಾವು ಹೊರನಾಡ ಕನ್ನಡಿಗರಾದೆವು. ಇದನ್ನು ಹೇಳುವಾಗ ನಗು ಬರುತ್ತದೆಯೋ ಮತ್ತೇನೋ, ನಿಮಗೇ ಬಿಟ್ಟದ್ದು.

ಬಂದವರಿಗೆ ಎದುರಾದ ಮೊದಲ ಶತ್ರು ಜ್ವರ. ಮಲಯಾಳದಲ್ಲಿ ಅದಕ್ಕೆ ಮಲಂಪನಿ, ಬೆಟ್ಟದ ಜ್ವರ, ಎಂದು ಹೆಸರು. ವಯನಾಡಿನಲ್ಲಂತೂ ಮಲೇರಿಯಾದ ಭಯ ಹಳೆಯದು. ಇಷ್ಟು ಫಲವತ್ತಾದ ನೆಲ ಇಷ್ಟು ಅಗ್ಗಕ್ಕೆ ಸಿಕ್ಕಿದ್ದರ ಗುಟ್ಟೂ ಅದರಲ್ಲೇ ಇತ್ತು. ಮರದ ಮೇಲೆ ಅಟ್ಟಣೆ ಕಟ್ಟಿ, ಕೆಳಗೆ ಬೆಂಕಿ ಹಾಕಿ, ಹಂದಿ ಆನೆ ಕಾಯುತ್ತ ಮೊದಲ ವರ್ಷ ಕಳೆಯುವುದು. ಮೊದಲ ಬೆಳೆ ಮರಗೆಣಸು, ಬೆಟ್ಟದ ಭತ್ತ. ಕೈಗೆ ಕಾಸು ತರುತ್ತಿದ್ದದ್ದು ಮಜ್ಜಿಗೆ ಹುಲ್ಲಿನ ಎಣ್ಣೆ. ಮೆಣಸು ಫಲ ಕೊಡುವ ತನಕ, ರಬ್ಬರ್ ಹಾಲು ಬರುವ ತನಕ ಬದುಕಿ ಉಳಿಯಬೇಕಲ್ಲ! ಬಾಣಂತಿಯರು, ಹಸುಳೆಗಳು ಜ್ವರಕ್ಕೆ ತುತ್ತಾದರು. ಊರು ಹುಡುಕಲು ಹೊರಟಾಗ ಹೆಂಗಸರನ್ನು ಯಾರೂ ಕರೆದೊಯ್ದಿರಲಿಲ್ಲ. ಆದರೆ ಆ ಆಯ್ಕೆಯ ಹೆಚ್ಚಿನ ಭಾರ ಬಿದ್ದದ್ದು ಅವರ ಮೇಲೆ. ಈ ಜನರ ಪಾಡನ್ನು ಎಸ್. ಕೆ. ಪೊಟ್ಟೆಕ್ಕಾಟ್ ಅವರು 1948ರಲ್ಲಿ ‘ವಿಷಕನ್ಯಕ’ ಎಂಬ ಕಾದಂಬರಿಯಾಗಿ ಬರೆದರು. ಮಲಬಾರಿನ ಮಣ್ಣೇ ಅಲ್ಲಿ ವಿಷಕನ್ಯೆ. ಮಲಯಾಳ ಓದಬಲ್ಲ ನಮ್ಮ ಕೇಳುಗರು ಹುಡುಕಿ ಓದಬೇಕಾದ ಪುಸ್ತಕ.

ಯುದ್ಧ ಮುಗಿದ ಮೇಲೆ ಡಿ.ಡಿ.ಟಿ. ಸಿಂಪಡಣೆ ಬಂತು, ಜ್ವರ ಇಳಿಯಿತು, ಜನ ಏರಿದರು. ಮದರಾಸು ಸರಕಾರವೂ ಯುದ್ಧದಿಂದ ಮರಳಿದ ಸಿಪಾಯಿಗಳಿಗಾಗಿ ವಯನಾಡಿನ ಅಂಬಲವಯಲ್ ಸುತ್ತಮುತ್ತ ವಸಾಹತು ಯೋಜನೆ ನಡೆಸಿತು. 1941ರಲ್ಲಿ ವಯನಾಡಿನ ಜನಸಂಖ್ಯೆ ಸುಮಾರು 1 ಲಕ್ಷ 6 ಸಾವಿರ. 1951ಕ್ಕೆ 1 ಲಕ್ಷ 69 ಸಾವಿರ. 1971ಕ್ಕೆ 4 ಲಕ್ಷ 13 ಸಾವಿರ. ಮೂವತ್ತು ವರ್ಷದಲ್ಲಿ ಸುಮಾರು ನಾಲ್ಕು ಪಟ್ಟು! 1953ರಲ್ಲಿ ತಲಶ್ಶೇರಿಯಲ್ಲಿ ಹೊಸ ಧರ್ಮಪ್ರಾಂತ ಆಯಿತು. ಬಿಷಪ್ ಸೆಬಾಸ್ಟಿಯನ್ ವಳ್ಳೋಪ್ಪಿಳ್ಳಿ ಅವರ ಕಾಲದಲ್ಲಿ ಚರ್ಚಿನ ಜೊತೆಗೆ ಶಾಲೆಗಳೂ ರಸ್ತೆಗಳೂ ಬೆಟ್ಟ ಹತ್ತಿದವು.

ಈಗ, ಬಂದವರು ಖಾಲಿ ನೆಲ ಎಂದು ಭಾವಿಸಿದ ಆ ನೆಲದ ವಿಚಾರ. ಅದು ಖಾಲಿ ಇತ್ತೇ? ವಯನಾಡಿನ ಪಣಿಯರು, ಕುರಿಚ್ಯರು, ಕುರುಮರು, ಅಡಿಯರು, ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟ್ಟುನಾಯ್ಕರು, ಇವರೆಲ್ಲ ಅಲ್ಲೇ ಇದ್ದರು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯರನ್ನೂ ಅಡಿಯರನ್ನೂ ವರ್ಷಕ್ಕೆಂದು ಜೀತಕ್ಕೆ ಗೊತ್ತುಮಾಡಿಕೊಳ್ಳುವ ಪದ್ಧತಿ ಮೊದಲೇ ಇತ್ತು. ತೆಂಕಣದಿಂದ ಬಂದವರು ಮಾಡಿದ್ದಲ್ಲ ಅದು. ಹಳೆಯ ಭೂಮಾಲೀಕರಲ್ಲಿ ನಮ್ಮ ಮಾತಿನವರೂ ಇದ್ದರು ಎಂಬುದನ್ನು ಮರೆಯಬಾರದು. ಆದರೆ ಸುಟ್ಟು ಬಿತ್ತಿ ಬೇರೆಡೆಗೆ ಸರಿಯುವ ಬೇಸಾಯದವರಿಗೆ, ಅಂದರೆ ನಮ್ಮ ಕುಮೇರಿಗೆ, ಮಲಬಾರಿನಲ್ಲಿ ಪುನಂ ಎನ್ನುತ್ತಾರೆ, ಕಾಡೇ ಗದ್ದೆಯಾಗಿತ್ತು. ಜನ್ಮಿ ಆ ಕಾಡನ್ನು ತೆಂಕಣದವನಿಗೆ ಬರೆದುಕೊಟ್ಟ ದಿನ, ಅಲ್ಲಿ ಮುಂದಿನ ವರ್ಷ ಬಿತ್ತಬೇಕೆಂದಿದ್ದವನನ್ನು ಯಾರೂ ಕೇಳಲಿಲ್ಲ. ಆತನ ಬಳಿ ಕಾಗದ ಇರಲಿಲ್ಲ. ಪುನಂ ಬೇಸಾಯದ ಹಕ್ಕಿಗಾಗಿ 1946ರ ಡಿಸೆಂಬರಿನಲ್ಲಿ ಕಾವುಂಬಾಯಿಯ ರೈತರು ಜನ್ಮಿಯ ವಿರುದ್ಧ ಎದ್ದು ನಿಂತು ಗುಂಡಿಗೆ ಬಲಿಯಾದರು.

ಕಾಗದ ಎಂದೆನಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಕಥೆಯ ಗಂಟು ಅದರಲ್ಲೇ ಇದೆ. ಮನೆಯ ಯಜಮಾನ ಮಣ್ಣು ನೋಡಿದ, ನೀರು ನೋಡಿದ, ಜ್ವರಕ್ಕೆ ಎದೆ ಕೊಟ್ಟ. ಆದರೆ ಮಕ್ಕಳ ಕಾಲಕ್ಕೆ ಆ ಜಾಗ ಉಳಿಯಿತೋ ಇಲ್ಲವೋ ಎಂದು ತೀರ್ಮಾನಿಸಿದ್ದು ಪೆಟ್ಟಿಗೆಯಲ್ಲಿದ್ದ ದಸ್ತಾವೇಜು. ಹತ್ತಿರದ ಬೆಟ್ಟ ಸಾಕು ಎಂದು ಪೂರ್ವಕ್ಕೆ ಹೋದವರನ್ನು ನೋಡಿ. 1955ರ ಸುಮಾರಿಗೆ ಪಟ್ಟಂ ತಾಣುಪಿಳ್ಳೆಯವರ ಸರಕಾರ ಅಲ್ಲಿ ತಾನೇ ಕಾಲೊನಿಗಳನ್ನು ಮಾಡಿ ಮಲಯಾಳಿಗರನ್ನು ಕೂರಿಸಿತು. ದೇವಿಕುಳಂ, ಪೀರುಮೇಡು ತಾಲೂಕುಗಳನ್ನು ತಮಿಳರು ಕೇಳುತ್ತಿದ್ದ ಕಾಲ ಅದು. ಗಡಿಯಲ್ಲಿ ಯಾರ ಮನೆ ಎಲ್ಲಿರಬೇಕು ಎಂದು ಸರಕಾರಗಳು ಲೆಕ್ಕ ಹಾಕುವುದು ನಮಗೆ ಹೊಸ ಸಂಗತಿಯಲ್ಲ. ಹೀಗೆ ಕೂರಿಸಿದ್ದೂ ಸರಕಾರವೇ, ಆರು ವರ್ಷ ಕಳೆದು 1961ರಲ್ಲಿ ಇಡುಕ್ಕಿ ಅಣೆಕಟ್ಟಿನ ಹೆಸರಿನಲ್ಲಿ ಅಯ್ಯಪ್ಪನ್‌ಕೋವಿಲಿನ ರೈತರನ್ನು ಎಬ್ಬಿಸಿದ್ದೂ ಸರಕಾರವೇ. ಅವರನ್ನು ಮಳೆಗಾಲದಲ್ಲಿ ಕುಮಳಿಯ ಹತ್ತಿರ ಅಮರಾವತಿಯಲ್ಲಿ ತಂದು ಇಳಿಸಿದರು. ಅಲ್ಲಿ ಎ. ಕೆ. ಗೋಪಾಲನ್ ಉಪವಾಸ ಕೂತರು. ಹಾಗೆ ಎಬ್ಬಿಸಲ್ಪಟ್ಟವರ ಕೈಯಲ್ಲಿ ಗಟ್ಟಿಯಾದ ಪಟ್ಟೆ ಇರಲಿಲ್ಲ.

ಮಲಬಾರಿಗೆ ಬಂದವರ ಬಳಿ ಕನಿಷ್ಠ ಜನ್ಮಿಯ ಕಾಗದ ಇತ್ತು. 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿಗೆ ಹಿಡಿದವರು ಭೂಮಿಯ ಒಡೆಯರಾದರು. ಕಾಗದವೇ ಇಲ್ಲದ ಆದಿವಾಸಿಗೆ ಆ ಕಾಯಿದೆಯಿಂದ ದಕ್ಕಿದ್ದು ಬಹುತೇಕ ಬರೇ ಗುಡಿಸಲಿನ ತಳ. ಆತನ ಕೈಬಿಟ್ಟ ಭೂಮಿಯನ್ನು ಹಿಂದೆ ಕೊಡಿಸಲೆಂದು 1975ರಲ್ಲಿ ಒಂದು ಕಾಯಿದೆ ಬಂತು, ಅದು ವರ್ಷಗಟ್ಟಲೆ ಕಡತದಲ್ಲೇ ಮಲಗಿತು, ಕೊನೆಗೆ 1999ರಲ್ಲಿ ಅದರ ಜಾಗಕ್ಕೆ ಬೇರೊಂದು ಕಾಯಿದೆ ತಂದರು. 2003ರ ಫೆಬ್ರವರಿ 19ರಂದು ಮುತ್ತಂಗದ ಕಾಡಿನಲ್ಲಿ, ಗುಂಡ್ಲುಪೇಟೆಗೆ ಹೋಗುವ ನಮ್ಮ ದಾರಿಯ ಪಕ್ಕದಲ್ಲೇ, ಭೂಮಿ ಕೇಳಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಗುಂಡು ಹಾರಿತು. ಗಡಿಯಾಚೆ ಗೂಡಲೂರಿನಲ್ಲಿ ಕಥೆ ಇನ್ನೊಂದು ಬಗೆ. ಅಲ್ಲಿನದೂ ನಿಲಂಬೂರು ಕೋವಿಲಕದ ಜನ್ಮಭೂಮಿಯೇ. ಆದರೆ ತಮಿಳುನಾಡು 1969ರಲ್ಲಿ ಬೇರೆ ಕಾಯಿದೆ ಮಾಡಿತು, ವ್ಯಾಜ್ಯ ಮುಗಿಯಲಿಲ್ಲ. ಒಂದೇ ಮನೆತನದ ಅಣ್ಣತಮ್ಮಂದಿರು, ಒಬ್ಬ ಸುಲ್ತಾನ್ ಬತ್ತೇರಿಯ ಕಡೆ ನಿಂತ, ಇನ್ನೊಬ್ಬ ಹತ್ತಿಪ್ಪತ್ತು ಮೈಲಿ ಮುಂದೆ ಹೋಗಿ ಗೂಡಲೂರಿನಲ್ಲಿ ನಿಂತ ಎಂದಿಟ್ಟುಕೊಳ್ಳಿ. ಅಣ್ಣನ ಮೊಮ್ಮಗನಿಗೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ತಮ್ಮನ ಮೊಮ್ಮಗ ಪಟ್ಟೆಗಾಗಿ ಅಲೆಯುತ್ತಿರಬಹುದು. ಅಜ್ಜಂದಿರು ಜಾಗ ನೋಡುವಾಗ ಇದನ್ನು ಹೇಗೆ ತಿಳಿಯಬೇಕಿತ್ತು?

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಹಲವು ಮನೆಗಳು ಸುಳ್ಯ, ಬೆಳ್ತಂಗಡಿ, ಶಿವಮೊಗ್ಗದ ಕಡೆಗೂ ದಾಟಿದವು. 1999ರಲ್ಲಿ ಬೆಳ್ತಂಗಡಿಯೇ ಒಂದು ಸಿರೋ ಮಲಬಾರ್ ಧರ್ಮಪ್ರಾಂತವಾಯಿತು. ವಯನಾಡಿನ ರೈತರು ಮೈಸೂರು, ಕೊಡಗು, ಚಾಮರಾಜನಗರ ಸೀಮೆಗಳಲ್ಲಿ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವುದನ್ನು ನೀವು ಕಂಡೇ ಇದ್ದೀರಿ. ಈ ಸಲ ಹೆಂಡತಿ ಮಕ್ಕಳು ಊರಿನಲ್ಲೇ, ಶಾಲೆಯ ಹತ್ತಿರ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಜರಿದು ಬಿತ್ತು. ಉಳಿದವರಿಗೆ ಮತ್ತೆ ಅದೇ ಪ್ರಶ್ನೆ, ಎಲ್ಲಿಗೆ? ಸರಕಾರ ಕಲ್ಪಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ತಲಾ 7 ಸೆಂಟ್ಸ್ ಜಾಗದಲ್ಲಿ ಮನೆಗಳನ್ನು ಯೋಜಿಸಿತು, 2025ರ ಮಾರ್ಚಿ 27ರಂದು ಅಡಿಗಲ್ಲು ಇಟ್ಟಿತು. ಮನೆ ಬೇಡ ಎನ್ನುವವರಿಗೆ 15 ಲಕ್ಷ ರೂಪಾಯಿ ಎಂದಿತು. ಕೆಲವು ಕುಟುಂಬಗಳು ಹಣವನ್ನೇ ಆಯ್ದುಕೊಂಡು ಜಾಗ ಹುಡುಕಲು ಹೊರಟವು.