ಹೊಸ ಬಡಾವಣೆಗಳೂ ಕೂಡಿ ಮಾಡುವ ಹಬ್ಬಗಳೂ

ಗೆರೆ ಎಳೆದು ಬೀದಿಗಳನ್ನು ನಿರ್ಮಿಸಬಹುದು. ನೆರೆಹೊರೆಯನ್ನು ಹಾಗೆ ನಿರ್ಮಿಸಲಾಗದು. ಬೆಂಗಳೂರಿನ ಬಡಾವಣೆಗಳ ಚರಿತ್ರೆಯನ್ನು ಅವಲೋಕಿಸಿದವರಿಗೆ ಈ ಮಾತಿನ ಸತ್ಯವು ತಾನಾಗಿಯೇ ಗೋಚರಿಸುವುದು. ಅದನ್ನೇ ಈ ದಿನ ನಾವು ಶ್ರೋತೃಗಳ ಮುಂದೆ ಸಂಕ್ಷೇಪವಾಗಿ ನಿರೂಪಿಸಬಯಸುತ್ತೇವೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರಸಿದ್ಧವಾದ ಹಳೆಯ ಪೇಟೆಯಲ್ಲಿ ಕಸುಬಿಗೊಂದು ಬೀದಿ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಅಲ್ಲಿ ಹುಟ್ಟಿದವನು ತನ್ನ ನೆರೆಯವರು ಯಾರೆಂದು ಕೇಳಬೇಕಾಗಿರಲಿಲ್ಲ. ಕಸುಬು, ಕುಲ, ಕೇರಿಯ ದೇವತೆ ಎಲ್ಲವೂ ಹುಟ್ಟಿನೊಡನೆಯೇ ಬಂದವು.

1898ರಲ್ಲಿ ಪ್ಲೇಗು ಈ ಪೇಟೆಯನ್ನು ಹೊಕ್ಕಿತು. ಇಕ್ಕಟ್ಟಾದ ಓಣಿಗಳಲ್ಲಿ ಅದು ಹರಡಿದ ವೇಗವನ್ನು ಕಂಡು ಜನರು ಮನೆಗಳನ್ನು ತೊರೆದು ಬಯಲಿಗೆ ನಡೆದರು. ಆ ಉತ್ಪಾತದ ತರುವಾಯ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ತಲೆಯೆತ್ತಿದವು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಗಾಳಿ, ಬೆಳಕು: ಆರೋಗ್ಯಕ್ಕೆ ಬೇಕಾದುದೆಲ್ಲವೂ ಅಲ್ಲಿ ದೊರೆಯಿತು. ಆದರೆ ನಿವೇಶನಗಳನ್ನು ಹಂಚುವಾಗ ಜಾತಿಮತಗಳನ್ನು ನೋಡಿ ಭಾಗಗಳನ್ನು ಬೇರೆ ಬೇರೆಯಾಗಿ ಗೊತ್ತುಮಾಡಿದ್ದುದೂ ಉಂಟು. ರೋಗಕ್ಕೆ ಅಂಜಿ ಹಳೆಯ ಪೇಟೆಯನ್ನು ಬಿಟ್ಟವರು ಅದರ ಗೋಡೆಗಳನ್ನು ಮನಸ್ಸಿನಲ್ಲಿ ಹೊತ್ತು ತಂದಿದ್ದರು.

ಇಂತಹ ಕಡೆಯಲ್ಲಿ ಜನರನ್ನು ಒಂದೆಡೆ ಸೇರಿಸಿದ ಶಕ್ತಿಗಳಲ್ಲಿ ಹಬ್ಬವೂ ಒಂದು. ಬಸವನಗುಡಿಯು ಹೆಸರನ್ನು ಪಡೆದುದು ಅಲ್ಲಿನ ದೊಡ್ಡ ಬಸವನಿಂದ. ಸುಂಕೇನಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ರೈತರು ತಮ್ಮ ಬೆಳೆಯನ್ನು ಕಾರ್ತಿಕದ ಕಡೆಯ ಸೋಮವಾರ ಆ ಬಸವನಿಗೆ ಒಪ್ಪಿಸುತ್ತಿದ್ದುದೇ ಕಡಲೆಕಾಯಿ ಪರಿಷೆಯ ಮೂಲವೆಂದು ಜನರು ಹೇಳುತ್ತಾರೆ. ಬಡಾವಣೆಯವರು ಇಲ್ಲಿ ಅತಿಥಿಗಳು, ಆತಿಥ್ಯವು ಹಳ್ಳಿಯವರದು. ಹಳ್ಳಿಗಳು ಕ್ರಮೇಣ ನಗರದಲ್ಲಿ ಕರಗಿಹೋದರೂ ಪರಿಷೆಯು ಉಳಿದು, ವಕೀಲನೂ ಗುಮಾಸ್ತನೂ ರೈತನ ರಾಶಿಯ ಮುಂದೆ ಕುಳಿತು ಸೇರು ಅಳೆಸಿಕೊಳ್ಳುವಂತೆ ಮಾಡಿತು. ಕಡಲೆಕಾಯಿಯಾದರೂ ದೂರದ ದಕ್ಷಿಣ ಅಮೆರಿಕದಿಂದ ಬಂದ ಬೆಳೆಯಷ್ಟೆ. ನಿನ್ನೆ ಬಂದುದು ಇಂದು ನಮ್ಮದಾಗುವ ಬಗೆಯನ್ನು ಆ ಪರಿಷೆಯೇ ಕಲಿಸುತ್ತದೆ.

ಇನ್ನೊಂದು ನಿದರ್ಶನವು 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯದು. ಅಲ್ಲಿ 1939ರಲ್ಲಿ ಸ್ಥಾಪಿತವಾದ ಶ್ರೀ ರಾಮಸೇವಾ ಮಂಡಲಿಯು ರಾಮನವಮಿಯನ್ನು ದೊಡ್ಡ ಸಂಗೀತೋತ್ಸವವಾಗಿ ಬೆಳೆಸಿತು. ಅರಮನೆಯ ಸಭೆಯಲ್ಲಿ ಆಹ್ವಾನಿತರಿಗೆ ಮಾತ್ರ ಸಲ್ಲುತ್ತಿದ್ದ ವಿದ್ವತ್ತು ಇಲ್ಲಿ ಚಪ್ಪರದ ಕೆಳಗೆ ಬಂದಿತು. ಚಪ್ಪರಕ್ಕೆ ಗೋಡೆಯಿಲ್ಲ, ಹೊರಗೆ ನಿಂತವನ ಕಿವಿಗೂ ರಾಗವು ಬಿದ್ದೇ ಬೀಳುವುದು. ರಾಮನವಮಿಯ ಬಿಸಿಲಿನಲ್ಲಿ ಬೀದಿಬೀದಿಗಳಲ್ಲಿ ಹಂಚುವ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳ ಮುಂದೆ ಹೆಸರು ಕುಲಗಳನ್ನು ಕೇಳುವವರಿಲ್ಲ. ಬಾಯಾರಿಕೆಯೊಂದೇ ಅಲ್ಲಿ ಅರ್ಹತೆ.

ಆದರೆ ಹಬ್ಬವು ಕೂಡಿಸುವಂತೆ ಅಗಲಿಸಲೂಬಹುದೆಂಬುದನ್ನು ಮರೆಯಬಾರದು. ಪುಣೆಯಲ್ಲಿ 1893ರ ಸುಮಾರಿಗೆ ಮನೆಯ ಗಣಪತಿಯು ಬೀದಿಯ ಚಪ್ಪರಕ್ಕೆ ಬಂದುದು, ಲೋಕಮಾನ್ಯ ತಿಲಕರ ಪ್ರೋತ್ಸಾಹದಿಂದ ಆ ಉತ್ಸವವು ಹಬ್ಬಿದುದು ಎಲ್ಲರೂ ಬಲ್ಲ ಸಂಗತಿ. ಅದೇ ವರ್ಷ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ಗಲಭೆಗಳಾಗಿದ್ದವು. ಒಂದು ಸಮಾಜವನ್ನು ಒಟ್ಟುಗೂಡಿಸಿದ ಉತ್ಸವವು ಮತ್ತೊಂದನ್ನು ದೂರವಿಟ್ಟ ಪ್ರಸಂಗಗಳೂ ಆ ಚರಿತ್ರೆಯಲ್ಲಿ ಸೇರಿವೆ. ಇದಕ್ಕೆ ಪ್ರತಿಯಾಗಿ, ನಮ್ಮ ಹಳೆಯ ಪೇಟೆಯ ಕರಗವನ್ನು ನೋಡಿರಿ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಆ ಕರಗವು ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು ಮುಂದುವರಿಯುವುದು ರೂಢಿ. ತನ್ನ ದಾರಿಯಲ್ಲಿ ಇನ್ನೊಬ್ಬರ ಬಾಗಿಲನ್ನು ಸೇರಿಸಿಕೊಂಡ ಉತ್ಸವವೇ ಊರಿನ ಉತ್ಸವ.

ಆದುದರಿಂದ ಹಬ್ಬದ ಹಿರಿಮೆಯನ್ನು ನೆರೆದ ಜನರ ತಲೆಯೆಣಿಕೆಯಿಂದ ಅಳೆಯಲಾಗದು. ಚಂದಾ ಎತ್ತಲು ಮನೆಮನೆಗೆ ಹೋದವರಾರು, ತಳಿರುತೋರಣ ಕಟ್ಟಿದವರಾರು, ಅಡಿಗೆಗೆ ಕೈಕೊಟ್ಟವರಾರು, ಪಂಕ್ತಿಯಲ್ಲಿ ಕುಳಿತವರಾರು ಎಂದು ಕೇಳಬೇಕು. ಕೆಲಸದಲ್ಲಿ ಪಾಲಿಲ್ಲದವನು ಪ್ರೇಕ್ಷಕ, ಪಾಲುಳ್ಳವನು ನೆರೆಯವನು.

ಇಂದು ಬಡಾವಣೆಗಳ ಜೊತೆಗೆ ಬಹುಮಹಡಿಯ ವಸತಿಸಮುಚ್ಚಯಗಳೂ ಎದ್ದಿವೆ. ಯುಗಾದಿ, ಓಣಂ, ದುರ್ಗಾಪೂಜೆ, ರಾಜ್ಯೋತ್ಸವಗಳು ಒಂದೇ ಅಂಗಳದಲ್ಲಿ ನಡೆಯುವುದನ್ನು ಕಂಡು ನಾವು ಸಂತೋಷಪಡುತ್ತೇವೆ. ಆದರೆ ಆ ಅಂಗಳಕ್ಕೆ ಎತ್ತರದ ಗೋಡೆಯುಂಟು, ಬಾಗಿಲಲ್ಲಿ ಕಾವಲುಗಾರನುಂಟು. ಹಬ್ಬದ ದಿನ ಆ ಕಾವಲುಗಾರನೂ, ಮುಂಜಾನೆ ಕಸ ಗುಡಿಸಿ ಹೋದ ಹೆಂಗಸೂ ಎಲೆಯ ಮುಂದೆ ಕುಳಿತರೆ ಅಲ್ಲೊಂದು ಊರು ಹುಟ್ಟಿತೆಂದು ತಿಳಿಯಬೇಕು. ಅವರು ಬಾಗಿಲ ಹೊರಗೇ ನಿಂತರೆ, ದೀಪಗಳು ಎಷ್ಟೇ ಉರಿದರೂ, ಅದು ಮನೆಗಳ ಗುಂಪಾಗಿಯೇ ಉಳಿಯುವುದು.